ಹಿಂದಿನ ಪುಟದಿಂದ ತಂದದ್ದು

ಕಳೆದ ತಿಂಗಳು ನಮ್ಮ ಬಳಗದ ಸಭೆಯಲ್ಲಿ ಒಂದು ಸೂಚನೆ ಬಂತು. "ಈ ಸ್ಟೆನ್ಸಿಲ್ ಕೊರಿಯೋದು, ಮಸಿ ಬಳಿಯೋದು, ಹಾಳಿ ಹೊಲಿಯೋದು ಇನ್ನ ಸಾಕ್ರಿ. ಎಲ್ಲಾರ ಕೈಯಾಗೂ ಮೊಬೈಲ್ ಐತಿ. ಕವಿತಾ ಬರದವ್ರು ಗುಂಪಿಗೆ ಹಾಕ್ಲಿ, ಓದವ್ರು ಅಲ್ಲೇ ಓದ್ಲಿ" ಅಂತ. ಸೂಚನೆ ಮಾಡಿದವರು ನಮಗೆಲ್ಲ ಬೇಕಾದವರೇ. ಅನುಮೋದನೆಗೆ ನಾಲ್ಕೈದು ಕೈ ಎದ್ದವು. ನಾನು ಕೈ ಎತ್ತಲೂ ಇಲ್ಲ, ಬೇಡ ಅನ್ನಲೂ ಇಲ್ಲ. ವಿಷಯ ಮುಂದಿನ ಸಭೆಗೆ ಹೋಯಿತು. ಅಷ್ಟರೊಳಗೆ ನನಗೆ ತಿಳಿದಷ್ಟನ್ನು ಬರೆದಿಡೋಣ ಅಂತ ಈ ಲೇಖನ.

ನಾನು ವಾಣಿಜ್ಯ ವಿದ್ಯಾರ್ಥಿ. ಸಾಹಿತ್ಯದ ವಿಷಯದಲ್ಲಿ ದೊಡ್ಡ ಮಾತು ಆಡಲಾರೆ. ಆದರೆ ಲೆಕ್ಕದ ಪುಸ್ತಕದಲ್ಲಿ ಮೊದಲ ದಿನವೇ ಕಲಿಸುವ ಒಂದು ಮಾತಿದೆ. ಹಳೆಯ ವಹಿ ಮುಗಿದು ಹೊಸ ವಹಿ ತೆರೆದಾಗ, ಹಿಂದಿನ ಪುಟದ ಅಖೈರು ಶಿಲ್ಕು ಹೊಸ ಪುಟದ ಆರಂಭ ಶಿಲ್ಕಾಗಬೇಕು. "ಹಿಂದಿನ ಪುಟದಿಂದ ತಂದದ್ದು" ಅಂತ ಮೊದಲ ಸಾಲಿನಲ್ಲೇ ಬರೆಯಬೇಕು. ಅದು ತಾನಾಗಿ ಬರುವುದಿಲ್ಲ. ಯಾರಾದರೂ ಕೂತು ಬರೆಯಬೇಕು. ಬರೆಯದಿದ್ದರೆ ಹೊಸ ವಹಿ ಎಷ್ಟೇ ಚೆಂದ ಇರಲಿ, ಲೆಕ್ಕ ಸೊನ್ನೆಯಿಂದ ಶುರು.

ನಮಗೆ ಈಗ ಬಂದಿರುವ ಪ್ರಶ್ನೆ ಹೊರಗಿನ ಜಗತ್ತಿಗೆ ಹಳೆಯದು. ಕಂಪ್ಯೂಟರಿನ ಮೂಲಕ ಕೂಡುತ್ತಿದ್ದ ಹವ್ಯಾಸಿಗಳು ಒಂದು ಜಾಗ ಬಿಟ್ಟು ಇನ್ನೊಂದಕ್ಕೆ ಹೋದಾಗ ಇದೇ ಆಯಿತು. ಕೆಲವರು ಶಿಲ್ಕು ತಂದರು, ಹಲವರು ತರಲಿಲ್ಲ. ಆ ಕತೆ ನಮಗೂ ಪಾಠ.

ಕಟ್ಟೆ

ಇಂದಿನ ಅಂತರಜಾಲ ಮನೆಮನೆಗೆ ಬರುವ ಮೊದಲೇ 'ಯೂಸ್‌ನೆಟ್' ಅಂತ ಒಂದು ವ್ಯವಸ್ಥೆ ಇತ್ತು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದನ್ನು ಯೋಚಿಸಿದರು. 1980ರಲ್ಲಿ ಇದು ಹೊರಗಿನವರಿಗೂ ತೆರೆಯಿತು. ಅವರೂ ನಮ್ಮ ಹಾಗೆ ಕಾಲೇಜು ಹುಡುಗರೇ ಅನ್ನುವುದನ್ನು ಗಮನಿಸಿ.

ಅದು ನಡೆಯುತ್ತಿದ್ದ ರೀತಿ ಹೀಗೆ. ನಾನು ಬಾರಾಮತಿಯ ಕಾಲೇಜಿನ ಕಂಪ್ಯೂಟರಿನಲ್ಲಿ ಒಂದು ಪತ್ರ ಬರೆದೆ ಅಂತ ತಿಳಿಯಿರಿ. ರಾತ್ರಿ ಫೋನಿನ ದರ ಕಡಿಮೆ ಇರುವ ಹೊತ್ತಿಗೆ ಬಾರಾಮತಿಯ ಯಂತ್ರ ಪುಣೆಯ ಯಂತ್ರಕ್ಕೆ ಫೋನ್ ಮಾಡಿ, ಆ ಪತ್ರದ ಒಂದು ನಕಲು ಕೊಡುತ್ತದೆ. ಪುಣೆಯದು ಸೊಲ್ಲಾಪುರಕ್ಕೆ, ಸೊಲ್ಲಾಪುರದ್ದು ಕಲಬುರ್ಗಿಗೆ. ಹೀಗೆ ಎಲ್ಲ ಊರಿನ ಯಂತ್ರದಲ್ಲೂ ಒಂದೊಂದು ನಕಲು. ಉತ್ತರವೂ ಅದೇ ದಾರಿಯಲ್ಲಿ ವಾಪಸ್ಸು. ನಮ್ಮ ಊರುಗಳ ಹೆಸರು ಉದಾಹರಣೆಗೆ ಮಾತ್ರ. ನಿಜವಾಗಿ ಹೀಗೆ ಮಾತಾಡಿಕೊಂಡವು ಮೊದಲು ಅಮೆರಿಕದ ವಿಶ್ವವಿದ್ಯಾಲಯಗಳು, ಆಮೇಲೆ ಬೇರೆ ದೇಶದವು.

ಪತ್ರಗಳನ್ನು ವಿಷಯವಾರು ಗುಂಪು ಮಾಡಿದ್ದರು. ಅವಕ್ಕೆ ನ್ಯೂಸ್‌ಗ್ರೂಪ್ ಅಂತ ಹೆಸರು. 1987ರ ಹೊತ್ತಿಗೆ ಎಲ್ಲ ಗುಂಪುಗಳನ್ನು ಏಳು ದೊಡ್ಡ ಶಾಖೆಗಳಾಗಿ ವಿಂಗಡಿಸಿದರು. ಅದರಲ್ಲಿ 'ರೆಕ್' ಅನ್ನುವುದು ಹವ್ಯಾಸದ ಶಾಖೆ. 'ಸೋಕ್' ಅನ್ನುವುದು ಸಮಾಜ, ಸಂಸ್ಕೃತಿಯ ಶಾಖೆ. ಕ್ರಿಕೆಟ್ ಪ್ರೇಮಿಗಳಿಗೆ ರೆಕ್.ಸ್ಪೋರ್ಟ್.ಕ್ರಿಕೆಟ್, ಹಳೆಯ ಹಿಂದಿ ಸಿನಿಮಾ ಹಾಡಿನವರಿಗೆ ರೆಕ್.ಮ್ಯೂಸಿಕ್.ಇಂಡಿಯನ್.ಮಿಸ್ಕ್. ನಮ್ಮವರಿಗೂ ಒಂದಿತ್ತು: ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ. ದೂರ ದೇಶದಲ್ಲಿ ಓದಲು, ದುಡಿಯಲು ಹೋದ ಕನ್ನಡಿಗರು ಊರಿನ ಸುದ್ದಿ, ಸಿನಿಮಾ, ಹಾಡು, ರಾಜಕಾರಣ ಎಲ್ಲವನ್ನೂ ಅಲ್ಲಿ ಹರಟುತ್ತಿದ್ದರು.

ಇದನ್ನು ನಾನು ಊರ ಕಟ್ಟೆ ಅನ್ನುತ್ತೇನೆ. ಕಟ್ಟೆಗೆ ಮಾಲಕ ಇಲ್ಲ. ಬಾಗಿಲು ಇಲ್ಲ. ಯಾರು ಬೇಕಾದರೂ ಕೂತು ಮಾತಾಡಬಹುದು. ಆದರೆ ಕಟ್ಟೆಯ ಮೇಲೆ ಆಡಿದ್ದನ್ನು ಬರೆದಿಡುವವರು ಇಲ್ಲ. ಯೂಸ್‌ನೆಟ್‌ನಲ್ಲೂ ಹಾಗೇ. ಆ ಕಾಲದ ಕಂಪ್ಯೂಟರುಗಳಲ್ಲಿ ಜಾಗ ಬಹಳ ಕಡಿಮೆ; ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಇಟ್ಟುಕೊಂಡು ಹಳೆಯ ಪತ್ರ ಅಳಿಸಿ ಹೊಸದಕ್ಕೆ ಜಾಗ ಮಾಡುತ್ತಿದ್ದರು. ನಕಲು ಎಲ್ಲ ಕಡೆಗೆ ಇತ್ತು, ಶಾಶ್ವತವಾಗಿ ಎಲ್ಲಿಯೂ ಇರಲಿಲ್ಲ.

ಹಾಗಾದರೆ ಆ ಕಾಲದ ಮಾತು ಇಂದು ನಮಗೆ ಹೇಗೆ ಗೊತ್ತು? ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹೆನ್ರಿ ಸ್ಪೆನ್ಸರ್ ಅಂತ ಒಬ್ಬರು ಇದ್ದರು. ಅವರು 1981ರಿಂದ 1991ರವರೆಗೆ ಬಂದ ಪತ್ರಗಳನ್ನು ಅಳಿಸದೆ ಟೇಪಿನಲ್ಲಿ ತುಂಬಿಸಿಟ್ಟರು. ಒಟ್ಟು 141 ಟೇಪು. 2001ರ ಡಿಸೆಂಬರಿನಲ್ಲಿ ಅವು ಗೂಗಲ್ ಸಂಗ್ರಹಕ್ಕೆ ಸೇರಿ ಎಲ್ಲರಿಗೂ ಓದಲು ಸಿಕ್ಕವು. ಆ ಹತ್ತು ವರ್ಷದ ಮಾತಿನ ಬಹುಪಾಲು ನಮಗೆ ದಕ್ಕಿದ್ದು ಒಬ್ಬ ಮನುಷ್ಯ "ಇರಲಿ" ಅಂತ ಎತ್ತಿಟ್ಟದ್ದರಿಂದ.

ಕಟ್ಟೆ ಖಾಲಿಯಾದದ್ದು

ಜನ ಕಟ್ಟೆ ಬಿಟ್ಟು ಹೋದದ್ದು ಯಾಕೆ? ಕಾರಣ ಒಂದೇ ಅಲ್ಲ.

ಮೊದಲನೆಯದು, ಹೊಸಬರ ನೂಕುನುಗ್ಗಲು. ಅಮೆರಿಕದಲ್ಲಿ ಕಾಲೇಜು ಶುರುವಾಗುವುದು ಸೆಪ್ಟೆಂಬರಿನಲ್ಲಿ. ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ಹುಡುಗರು ಬಂದು ರೀತಿ ರಿವಾಜು ತಿಳಿಯದೆ ಏನೇನೋ ಬರೆಯುತ್ತಿದ್ದರು. ಹಳಬರು ಒಂದು ತಿಂಗಳು ತಿದ್ದಿ ದಾರಿಗೆ ತರುತ್ತಿದ್ದರು. 1993-94ರಲ್ಲಿ ದೊಡ್ಡ ಕಂಪನಿಗಳು ದುಡ್ಡು ಕೊಟ್ಟವರಿಗೆಲ್ಲ ಕಟ್ಟೆಗೆ ದಾರಿ ಮಾಡಿಕೊಟ್ಟವು. ಹೊಸಬರು ದಿನಾಲೂ ಬರತೊಡಗಿದರು, ತಿದ್ದುವವರು ಸೋತರು. 1993ರ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಅಂತ ಹಳಬರು ನಗೆಯಾಡುವುದುಂಟು.

ಎರಡನೆಯದು, ಜಾಹೀರಾತು. 1994ರ ಏಪ್ರಿಲಿನಲ್ಲಿ ಅರಿಜೋನಾದ ವಕೀಲ ದಂಪತಿ ಅಮೆರಿಕದ ಗ್ರೀನ್ ಕಾರ್ಡ್ ಕೊಡಿಸುವ ತಮ್ಮ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಒಟ್ಟಿಗೆ ಹಾಕಿದರು. ಹಕ್ಕಿ ನೋಡುವವರ ಗುಂಪಿಗೂ ಅದೇ, ಅಡುಗೆಯವರ ಗುಂಪಿಗೂ ಅದೇ. ಆಮೇಲೆ ಇಂಥವು ಮುಗಿಯಲೇ ಇಲ್ಲ. ಮಾಲಕ ಇಲ್ಲದ ಕಟ್ಟೆಯಲ್ಲಿ "ಏಳು, ನಡಿ" ಅನ್ನುವವರು ಯಾರು?

ಮೂರನೆಯದು, ಚಿತ್ರ. ಕಟ್ಟೆ ಇದ್ದದ್ದು ಬರೀ ಅಕ್ಷರಕ್ಕೆ. ಅಂಚೆಚೀಟಿ ಕೂಡಿಸುವವನು ಚೀಟಿ ತೋರಿಸಬೇಕು, ಮೋಟಾರ್ ಸೈಕಲ್ ಹುಚ್ಚಿನವನು ಗಾಡಿ ತೋರಿಸಬೇಕು. 1993ರಿಂದ ಚಿತ್ರ ತೋರಿಸುವ ಜಾಲತಾಣಗಳು ಹರಡಿದವು. ಹವ್ಯಾಸಿಗಳು ಅತ್ತ ನಡೆದರು.

ಕಡೆಗೆ ಖರ್ಚು. ದೊಡ್ಡ ದೊಡ್ಡ ಕಡತಗಳನ್ನು ಜನ ಕಟ್ಟೆಯ ಮೂಲಕವೇ ಸಾಗಿಸತೊಡಗಿದಾಗ, ಅದನ್ನು ಇಟ್ಟುಕೊಳ್ಳುವ ಸಂಸ್ಥೆಗಳಿಗೆ ಭಾರವಾಯಿತು, ಒಂದೊಂದೇ ಕೈಬಿಟ್ಟವು. ಹುಟ್ಟಿದ ಮನೆಯಾದ ಡ್ಯೂಕ್ ವಿಶ್ವವಿದ್ಯಾಲಯವೇ 2010ರಲ್ಲಿ ತನ್ನ ಯೂಸ್‌ನೆಟ್ ಯಂತ್ರವನ್ನು ನಿಲ್ಲಿಸಿತು. 2024ರ ಫೆಬ್ರವರಿಯಲ್ಲಿ ಗೂಗಲ್ ಕೂಡ ಹೊಸ ಪತ್ರ ತೆಗೆದುಕೊಳ್ಳುವುದನ್ನು ಬಿಟ್ಟು, ಹಳೆಯದನ್ನು ಓದಲು ಮಾತ್ರ ಇಟ್ಟುಕೊಂಡಿತು.

ಬಾಡಿಗೆ ಮನೆ

ಜನ ಹೋದದ್ದು ಎಲ್ಲಿಗೆ? ಜಾಲತಾಣದ ಚರ್ಚಾ ವೇದಿಕೆಗಳಿಗೆ. 2000ದಲ್ಲಿ ಪಿಎಚ್‌ಪಿಬಿಬಿ ಎಂಬ ಉಚಿತ ತಂತ್ರಾಂಶ ಬಂತು. ಸ್ವಲ್ಪ ತಿಳಿದವರು ಯಾರು ಬೇಕಾದರೂ ಒಂದು ವೇದಿಕೆ ಕಟ್ಟಿ ನಡೆಸಬಹುದಾಯಿತು.

ವೇದಿಕೆ ಮನೆ ಇದ್ದ ಹಾಗೆ. ಮನೆಗೆ ಬಾಗಿಲು ಇದೆ, ಹೆಸರು ಬರೆಸಿ ಒಳಗೆ ಬರಬೇಕು. ಯಜಮಾನ ಇದ್ದಾನೆ, ಜಗಳ ಮಾಡಿದವನನ್ನು ಹೊರಗೆ ಹಾಕುತ್ತಾನೆ. ಕೋಣೆ ಕೋಣೆ ವಿಂಗಡಣೆ ಇದೆ. ಐದು ವರ್ಷದ ಹಿಂದಿನ ಮಾತು ಕೂಡ ಕಪಾಟಿನಲ್ಲಿ ಸಿಗುತ್ತದೆ. ಇದೆಲ್ಲ ಕಟ್ಟೆಯಲ್ಲಿ ಇರಲಿಲ್ಲ. ಹೋದವರು ದಡ್ಡರಲ್ಲ, ಸುಖ ಕಂಡೇ ಹೋದರು.

ಆದರೆ ಜಮಾ ಬರೆದ ಮೇಲೆ ಖರ್ಚೂ ಬರೆಯಬೇಕಲ್ಲ. ಕಟ್ಟೆಯ ಮಾತು ನೂರಾರು ಯಂತ್ರದಲ್ಲಿ ಇತ್ತು. ವೇದಿಕೆಯ ಮಾತು ಒಬ್ಬನ ಯಂತ್ರದಲ್ಲಿ ಮಾತ್ರ. ಅವನು ವರ್ಷಾ ವರ್ಷ ಬಾಡಿಗೆ ಕಟ್ಟಬೇಕು. ಅವನಿಗೆ ಬೇಸರ ಬಂದರೆ, ಕೆಲಸ ಹೋದರೆ, ಇಲ್ಲಾ ಅವನೇ ತೀರಿಕೊಂಡರೆ, ಒಂದು ದಿನ ಬೆಳಗಾಗುವುದರಲ್ಲಿ ಎಲ್ಲವೂ ಮಾಯ. ದೊಡ್ಡ ಕಂಪನಿಯ ಮನೆಯಾದರೂ ಇಷ್ಟೇ. ನಮ್ಮ ದೇಶದಲ್ಲಿ ಹುಡುಗ ಹುಡುಗಿಯರು ಮುಗಿಬಿದ್ದಿದ್ದ ಆರ್ಕುಟ್ 2004ರಲ್ಲಿ ಶುರುವಾಗಿ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಯಾಹೂ ಗ್ರೂಪ್ಸ್ ತಾನು ಕೂಡಿಸಿಟ್ಟಿದ್ದ ಹಳೆಯ ಪತ್ರ, ಚಿತ್ರಗಳನ್ನು ಅಳಿಸುವುದಾಗಿ 2019ರ ಅಕ್ಟೋಬರಿನಲ್ಲಿ ಹೇಳಿತು. 2020ರ ಡಿಸೆಂಬರ್ 15ಕ್ಕೆ ಪೂರ್ತಿ ಬಾಗಿಲು ಹಾಕಿತು. ಸ್ವಯಂಸೇವಕರು ಹಗಲುರಾತ್ರಿ ಕೂತು ಆದಷ್ಟು ನಕಲು ಮಾಡಿಟ್ಟರು. ಉಳಿದದ್ದು ಹೋಯಿತು.

ಕಟ್ಟೆಯಲ್ಲಿ ಮರೆವಿನ ಭಯ, ಮನೆಯಲ್ಲಿ ಯಜಮಾನನ ಭಯ. ಎರಡರಲ್ಲಿ ಯಾವುದು ಮೇಲು ಅಂತ ಜಗಳ ಆಡುವುದರಲ್ಲಿ ಅರ್ಥವಿಲ್ಲ. ಮನೆ ಬದಲಿಸುವಾಗ ಸಾಮಾನು ಹೊತ್ತವರು ಯಾರು ಅನ್ನುವುದೇ ಕೇಳಬೇಕಾದ ಪ್ರಶ್ನೆ.

ಕನ್ನಡದ ಪಾಡು

ಕನ್ನಡದವರಿಗೆ ಇದರ ಮೇಲೆ ಇನ್ನೊಂದು ತೊಡಕು ಇತ್ತು: ಲಿಪಿ.

ಕಟ್ಟೆಯ ಯಂತ್ರಗಳಿಗೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮಾತ್ರ. ಹೀಗಾಗಿ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕಾಗಿತ್ತು. ಹಾಗೆ ಬರೆದರೆ 'ಹಳ್ಳಿ'ಯೂ 'ಹಲ್ಲಿ'ಯೂ ಒಂದೇ. 'ಬಳೆ'ಯೂ 'ಬಲೆ'ಯೂ ಒಂದೇ. "ಹಳ್ಳಿ ಬಿಟ್ಟು ಬಂದೆ" ಅಂತ ಒಬ್ಬ ಕಣ್ಣೀರು ಹಾಕಿ ಬರೆದರೆ ಓದುವವನಿಗೆ ಗೋಡೆಯ ಮೇಲಿನ ಹಲ್ಲಿ ಕಾಣಬಹುದು. ಇದಕ್ಕೆ ಉಪಾಯವಾಗಿ ಅವಿನಾಶ ಚೋಪಡೆ ಎಂಬವರು 1991ರಲ್ಲಿ ಐಟ್ರಾನ್ಸ್ ಎಂಬ ಪದ್ಧತಿ ಮಾಡಿದರು. ಅದರಲ್ಲಿ ಸಣ್ಣ 'ಎಲ್' ಬರೆದರೆ ಲ, ದೊಡ್ಡ 'ಎಲ್' ಬರೆದರೆ ಳ. ಕಣ್ಣಿಗೆ ಚೆಂದ ಕಾಣದಿದ್ದರೂ ಅರ್ಥ ಕೆಡುವುದಿಲ್ಲ.

ಆಮೇಲೆ ಕನ್ನಡದ ಫಾಂಟುಗಳ ಕಾಲ. 1996ರಲ್ಲಿ ಡಾ. ಯು.ಬಿ. ಪವನಜ ಅವರು 'ವಿಶ್ವ ಕನ್ನಡ' ಎಂಬ ಅಂತರಜಾಲ ಪತ್ರಿಕೆ ಶುರು ಮಾಡಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಅದರ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ್ದು. ಪರದೆಯ ಮೇಲೆ ಕನ್ನಡ ಕಂಡು ಜನ ಹಿಗ್ಗಿದರು. ಆದರೆ ಒಳಗಿನ ಗುಟ್ಟು ಬೇರೆ. ಆಗಿನ ಫಾಂಟುಗಳಲ್ಲಿ ಯಂತ್ರ ಇಟ್ಟುಕೊಂಡದ್ದು ಕನ್ನಡವನ್ನಲ್ಲ, ಇಂಗ್ಲಿಷ್ ಚಿಹ್ನೆಗಳನ್ನೇ. ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿ ತೋರಿಸುತ್ತಿತ್ತು. ಫಾಂಟು ಇಲ್ಲದವನು ಅದನ್ನೇ ತೆರೆದರೆ 'ನ' ಇರಬೇಕಾದ ಕಡೆ ಬ್ರಿಟಿಷ್ ಪೌಂಡಿನ ಗುರುತು! ಹುಡುಕಿದರೆ ಸಿಗುವುದಿಲ್ಲ, ಓದಿದರೆ ತಿಳಿಯುವುದಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೋಡಿ ಲಿಪಿಯ ಹಳೆಯ ಕಾಗದ ಟ್ರಂಕಿನಲ್ಲಿ ಇರುತ್ತವೆ. ಕಾಗದ ಇದೆ, ಓದುವವರು ಇಲ್ಲ. ಹಾಗೆಯೇ ಇದು.

ಇದಕ್ಕೆ ಪರಿಹಾರ ಯೂನಿಕೋಡ್. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ಒಂದು ಸಂಖ್ಯೆ. ಯಾವ ಯಂತ್ರಕ್ಕೆ ಹೋದರೂ ಅದೇ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನ ಕೊಟ್ಟಿದ್ದರು. ಆದರೆ ಸಾಮಾನ್ಯರ ಕಂಪ್ಯೂಟರಿಗೆ ಅದು ಬಂದದ್ದು ಹತ್ತು ವರ್ಷ ತಡವಾಗಿ, 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ. ಆಮೇಲೆ 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ 'ಸಂಪದ'. ಸಂಪದದಲ್ಲಿ ಬರೆದವರಲ್ಲಿ ಹಲವರು ವೃತ್ತಿಯಿಂದ ಲೇಖಕರಲ್ಲ, ಕನ್ನಡ ಅವರಿಗೆ ಹವ್ಯಾಸ. ನಮ್ಮ ಹಾಗೇ.

ಅಂದರೆ ಕನ್ನಡಿಗರು ಹತ್ತು-ಹದಿನೈದು ವರ್ಷದಲ್ಲಿ ಮೂರು ಸಲ ಮನೆ ಬದಲಿಸಿದರು: ಇಂಗ್ಲಿಷ್ ಅಕ್ಷರದಿಂದ ಫಾಂಟಿಗೆ, ಫಾಂಟಿನಿಂದ ಯೂನಿಕೋಡಿಗೆ, ಅದರ ಜೊತೆಗೆ ಕಟ್ಟೆಯಿಂದ ವೇದಿಕೆಗೆ. ಒಂದೊಂದು ಸಲವೂ ಒಂದಿಷ್ಟು ಹಿಂದೆ ಉಳಿಯಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟ ಹರಟೆಯನ್ನು ಇಂದು ಒಬ್ಬ ಕನ್ನಡ ವಿದ್ಯಾರ್ಥಿ ಕನ್ನಡದಲ್ಲಿ ಹುಡುಕಿದರೆ ಅವನ ಕೈಗೆ ಹತ್ತುವುದು ಕಷ್ಟ. ಅದು ಇದ್ದೂ ಇಲ್ಲದ ಹಾಗೆ.

ಹೊತ್ತು ತಂದವರು

ಎಲ್ಲರೂ ಕಳೆದುಕೊಂಡರು ಅಂದರೆ ಅನ್ಯಾಯವಾದೀತು. ಹೊತ್ತು ತಂದವರೂ ಇದ್ದಾರೆ.

ಹಿಂದಿ ಹಾಡಿನ ಗುಂಪಿನವರು ಹಾಡಿನ ಸಾಹಿತ್ಯವನ್ನು ಒಬ್ಬೊಬ್ಬರು ಒಂದೊಂದಾಗಿ ಐಟ್ರಾನ್ಸ್ ಪದ್ಧತಿಯಲ್ಲೇ ಬರೆದು ಕೂಡಿಸಿದರು. ಸಿನಿಮಾ, ಗಾಯಕರು, ಸಂಗೀತಗಾರರ ಹೆಸರನ್ನೂ ಜೊತೆಗೆ ಹಾಕಿದರು. ಒಂದೇ ಕಟ್ಟುನಿಟ್ಟಿನ ಪದ್ಧತಿ ಇಟ್ಟುಕೊಂಡದ್ದರಿಂದ ಅದನ್ನು ಆಮೇಲೆ ಯಂತ್ರವೇ ದೇವನಾಗರಿಗೆ ತಿರುಗಿಸಿಕೊಟ್ಟಿತು. ಕಟ್ಟೆಯಲ್ಲಿ ಹುಟ್ಟಿದ ಸಾವಿರಾರು ಹಾಡುಗಳ ಆ ಸಂಗ್ರಹ ಜಾಲತಾಣಕ್ಕೆ ಬಂದು ನಿಂತಿತು.

ಕ್ರಿಕೆಟಿನವರದು ಇನ್ನೂ ದೊಡ್ಡ ಸಾಹಸ. 1993ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಬಂದಿದ್ದ ಇಂಗ್ಲೆಂಡಿನ ಸೈಮನ್ ಕಿಂಗ್ 'ಕ್ರಿಕ್‌ಇನ್ಫೋ' ಶುರು ಮಾಡಿದರು. ಆ ದೇಶದಲ್ಲಿ ಕ್ರಿಕೆಟಿನ ಸ್ಕೋರು ತಿಳಿಯುವುದೇ ದುಸ್ತರ. ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಕೂಲಿ ಕೇಳದೆ ಸ್ಕೋರುಗಳನ್ನು ಬರೆದು ಹಾಕಿದರು. ಹಳೆಯ ಪಂದ್ಯಗಳದ್ದನ್ನೂ ತುಂಬಿದರು. ಇಂದು ಅದು ದೊಡ್ಡ ವ್ಯಾಪಾರಿ ಸಂಸ್ಥೆ. ಅದರ ಆರಂಭ ಶಿಲ್ಕು ಮಾತ್ರ ಹವ್ಯಾಸಿಗಳು ತಂದದ್ದು.

ಇದೆಲ್ಲ ಪರದೇಶದ ಮಾತಾಯಿತು ಅನ್ನುವವರು ನಮ್ಮ ವಿಜಾಪುರದ ಕಡೆ ತಿರುಗಿ ನೋಡಿರಿ. ಫ.ಗು. ಹಳಕಟ್ಟಿಯವರು (1880-1964) ವೃತ್ತಿಯಿಂದ ವಕೀಲರು. ಮನೆಮನೆಗೆ, ಮಠಮಠಕ್ಕೆ ತಿರುಗಿ ವಚನದ ತಾಳೆಗರಿಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಿಸಿದರು. ಅದೂ ಒಂದು ಮನೆ ಬದಲಾವಣೆಯೇ: ಗರಿಯಿಂದ ಅಚ್ಚಿಗೆ. ಇನ್ನು ನಾವು ಓದುತ್ತಿರುವ ಈ ಬಾರಾಮತಿ, ಮರಾಠಿಯ ದೊಡ್ಡ ಕವಿ ಮೋರೋಪಂತರು (1729-1794) ಬಾಳಿದ ಊರು. ಅವರ ಕಾಲದಲ್ಲಿ ಇಲ್ಲಿ ಅಚ್ಚಿನ ಮನೆ ಇರಲಿಲ್ಲ. ಕೈಯಿಂದ ನಕಲು ಮಾಡಿಟ್ಟವರು ಇದ್ದದ್ದರಿಂದಲೇ ಅವರ ಕಾವ್ಯ ಅಚ್ಚಿನ ಕಾಲದವರೆಗೆ ಬಂತು.

ನಮ್ಮ ಲೆಕ್ಕ

ಈಗ ನನ್ನದೊಂದು ಮಾತು ಹೇಳಿ ಮುಗಿಸುತ್ತೇನೆ.

ನಾನು ಅಕ್ಕಲಕೋಟ ತಾಲೂಕಿನವನು. ಕಲಿತದ್ದು ಅಲ್ಲಿಯ ಕನ್ನಡ ಶಾಲೆಯಲ್ಲಿ. ನಮ್ಮ ಆಯಿಗೆ, ಅಂದರೆ ಅವ್ವನ ಅವ್ವನಿಗೆ, ಬೀಸುವ ಕಲ್ಲಿನ ಪದ ಬಹಳ ಬರುತ್ತಿದ್ದವು. ಎರಡು ವರ್ಷದ ಹಿಂದೆ ದೀಪಾವಳಿ ರಜೆಯಲ್ಲಿ ಅವಳ ಎದುರಿಗೆ ಕೂತು ಹದಿನಾಲ್ಕು ಪದ ಮೊಬೈಲಿನಲ್ಲಿ ಬರೆದುಕೊಂಡೆ. "ಇವೆಲ್ಲಾ ಯಾಕ ಬರ್ಕೋತೀಯೋ ತಮ್ಮಾ, ನಾ ಇದ್ದೀನಲ್ಲ" ಅಂದಳು. ಆಗಿನ ನಮ್ಮ ಬಳಗದ ಮೊಬೈಲ್ ಗುಂಪಿಗೆ ಎಲ್ಲವನ್ನೂ ಹಾಕಿದೆ. ಬಹಳ ಮಂದಿ ಹೊಗಳಿದರು. ಮರುವರ್ಷ ಹಿರಿಯರು ಕಾಲೇಜು ಮುಗಿಸಿ ಹೋದರು, ಹೊಸ ಗುಂಪು ಆಯಿತು, ಹಳೆಯದನ್ನು ಒಬ್ಬೊಬ್ಬರಾಗಿ ಬಿಟ್ಟರು. ಮಳೆಗಾಲದಲ್ಲಿ ನನ್ನ ಮೊಬೈಲ್ ನೀರಿಗೆ ಬಿತ್ತು. ನಕಲು ಇಟ್ಟಿರಲಿಲ್ಲ, ತಪ್ಪು ನನ್ನದೇ. ಕೇಳಿದವರೆಲ್ಲ "ಜಾಗಾ ಸಾಲಲಿಲ್ಲ ಅಂತ ಅಳಸಿಬಿಟ್ಟೇನಲ್ಲಪಾ" ಅಂದರು. ಮತ್ತೆ ಬರೆದುಕೊಂಡರಾಯಿತು ಅಂದುಕೊಂಡೆ. ಈ ಸಲದ ಸಂಕ್ರಾಂತಿಗೆ ಮೊದಲೇ ಆಯಿ ಹೋದಳು. ಅವ್ವನಿಗೆ ನೆನಪಿದ್ದದ್ದು ನಾಲ್ಕು ಪದ. ಹತ್ತು ಹೋದವು.

ಯಾವ ಕಂಪನಿಯೂ ಇದಕ್ಕೆ ಹೊಣೆ ಅಲ್ಲ. ಶಿಲ್ಕು ಮುಂದಕ್ಕೆ ತರುವ ಕೆಲಸ ನನ್ನದಾಗಿತ್ತು, ಮಾಡಲಿಲ್ಲ.

ಆದ್ದರಿಂದ ಮುಂದಿನ ಸಭೆಯಲ್ಲಿ ನಾನು ಮೊಬೈಲ್ ಬೇಡ ಅನ್ನುವವನಲ್ಲ. ಕಾಲದ ಜೊತೆ ಹೋಗೋಣ. ರಜೆಗೆ ಊರಿಗೆ ಹೋದವರೂ ಓದಬಹುದು, ಮಸಿಯ ಖರ್ಚೂ ಉಳಿಯುತ್ತದೆ. ಆದರೆ ಮೂರು ಷರತ್ತು ಇಡೋಣ ಅಂತ ನನ್ನ ಸೂಚನೆ.

ಒಂದು: ಈವರೆಗಿನ ಎಲ್ಲ ಸಂಚಿಕೆಗಳನ್ನು ಕೂಡಿಸಿ, ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ, ಆಮೇಲೆ ಹೊಸ ಮನೆ ಹೊಕ್ಕೋಣ. ಒಬ್ಬೊಬ್ಬರು ಒಂದು ಸಂಚಿಕೆ ಹಂಚಿಕೊಂಡರೆ ಎರಡು ತಿಂಗಳಲ್ಲಿ ಮುಗಿದೀತು.

ಎರಡು: ಗುಂಪಿಗೆ ಬಂದ ಒಳ್ಳೆಯ ಬರಹವನ್ನು ತಿಂಗಳ ಕೊನೆಗೆ ಒಂದು ಕಡೆ ಇಳಿಸಿ, ಬರೆದವರ ಹೆಸರು, ಊರು, ತಾರೀಖು ಹಾಕಿ, ಮೂರು ಪ್ರತಿ ಮಾಡೋಣ. ಒಂದು ಕಾಲೇಜಿನ ಗ್ರಂಥಾಲಯಕ್ಕೆ, ಒಂದು ಸಂಪಾದಕರಲ್ಲಿ, ಒಂದು ಬೇರೆ ಊರಿನ ಸದಸ್ಯರ ಮನೆಯಲ್ಲಿ. ಅದರಲ್ಲಿ ಒಂದಾದರೂ ಕಾಗದದ್ದಿರಲಿ.

ಮೂರು: ಈ ಕೆಲಸಕ್ಕೆ ಪ್ರತಿ ವರ್ಷ ಒಬ್ಬರ ಹೆಸರು ಗೊತ್ತು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯೋಣ. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ. ಮೊದಲ ವರ್ಷ ನಾನು ಮಾಡಲು ತಯಾರಿದ್ದೇನೆ.

ಕೊನೆಗೊಂದು ವಿನಂತಿ. ಎರಡು ವರ್ಷದ ಹಿಂದಿನ ಆ ಗುಂಪಿನಲ್ಲಿ ಇದ್ದವರು ಇದನ್ನು ಓದುತ್ತಿದ್ದರೆ, ಮನೆಯಲ್ಲಿ ಬಿದ್ದಿರುವ ಹಳೆಯ ಮೊಬೈಲಿಗೆ ಒಮ್ಮೆ ಚಾರ್ಜ್ ಹಾಕಿ ನೋಡಿರಿ. ದೀಪಾವಳಿ ಪಾಡ್ಯದ ಮರುದಿನ ಹಾಕಿದ ಪದಗಳು ಅವು. ಒಂದೇ ಸಿಕ್ಕರೂ ಸಾಕು, ತಂದುಕೊಡಿರಿ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಬರೆಯುತ್ತೇನೆ.